ಆರು ಪ್ರಶ್ನೆ, ಒಂದು ಅಂಕ: ಬಾಡಿಗೆ ಮನೆಯಿಂದ ಕಂಡ ಫ್ಯಾನಿ ಮೇ ವಸತಿ ಸಮೀಕ್ಷೆ

ಬಾಡಿಗೆ ಕರಾರು ಮುಗಿಯಲು ಇನ್ನೆರಡು ತಿಂಗಳಿದೆ ಎನ್ನುವಾಗ ಬರುವ ನವೀಕರಣದ ಪತ್ರದಲ್ಲಿ ಏನಿರುತ್ತದೆ ಎಂಬುದು, ಅಮೆರಿಕದಲ್ಲಿ ಬಾಡಿಗೆಗಿರುವವರಿಗೆ ಲಕೋಟೆ ಒಡೆಯುವ ಮೊದಲೇ ಗೊತ್ತಿರುತ್ತದೆ; ಎಷ್ಟು ಏರಿಸಿದ್ದಾರೆ ಎಂಬುದೊಂದೇ ಗೊತ್ತಾಗಬೇಕಾದ್ದು. ನಾಲ್ಕು ವರ್ಷಗಳಿಂದ ಆ ಪತ್ರ ಬಂದ ರಾತ್ರಿ ನಮ್ಮ ಮನೆಯಲ್ಲಿ ನಡೆಯುವ ಚರ್ಚೆಯೂ ಒಂದೇ: ಇನ್ನೊಂದು ವರ್ಷ ಬಾಡಿಗೆ ಕಟ್ಟುತ್ತ ಕೂರುವುದೋ, ಸಾಲ ಮಾಡಿ ಸ್ವಂತ ಮನೆ ಕೊಳ್ಳುವುದೋ. ಈ ಮಾತುಕತೆ ಬರೀ ಬೇಸರ ಮತ್ತು ಊಹೆಯ ಮೇಲೆ ನಡೆಯಬಾರದು, ಉಳಿದವರೆಲ್ಲ ಏನು ಯೋಚಿಸುತ್ತಿದ್ದಾರೆ ಎಂಬುದಾದರೂ ತಿಳಿದಿರಲಿ ಎಂದು ನಾನು ತಿಂಗಳು ತಿಂಗಳು ಓದತೊಡಗಿದ್ದು ಫ್ಯಾನಿ ಮೇ ಸಂಸ್ಥೆಯ ರಾಷ್ಟ್ರೀಯ ವಸತಿ ಸಮೀಕ್ಷೆಯನ್ನು. ಹಣ ಕೊಡದೆ ಸಿಗುವ ಸೇವೆಯಾದರೂ ಅದನ್ನು ನಂಬಿ ದೊಡ್ಡ ತೀರ್ಮಾನಗಳನ್ನು ತೆಗೆದುಕೊಳ್ಳುವವರು ಇರುವುದರಿಂದ, ಹಣ ಕೊಟ್ಟು ಕೊಂಡ ವಸ್ತುವನ್ನು ಪರೀಕ್ಷಿಸುವಷ್ಟೇ ನಿಷ್ಠುರವಾಗಿ ಇದನ್ನೂ ಪರೀಕ್ಷಿಸುವುದು ನ್ಯಾಯವೆನಿಸುತ್ತದೆ.

ಫ್ಯಾನಿ ಮೇ 1938ರಲ್ಲಿ ಹುಟ್ಟಿದ ಸಂಸ್ಥೆ. ಅದು ಯಾರಿಗೂ ನೇರವಾಗಿ ಸಾಲ ಕೊಡುವುದಿಲ್ಲ. ಬ್ಯಾಂಕುಗಳು ಕೊಟ್ಟ ಗೃಹಸಾಲಗಳನ್ನು ಕೊಂಡು, ಅವುಗಳನ್ನು ಒಟ್ಟುಗೂಡಿಸಿ, ಖಾತರಿ ಕೊಟ್ಟು ಹೂಡಿಕೆದಾರರಿಗೆ ಮಾರುತ್ತದೆ. ಸಾಲದ ಮಾರುಕಟ್ಟೆ ಕುಸಿದ 2008ರ ಸೆಪ್ಟೆಂಬರಿನಲ್ಲಿ ಅದನ್ನು ಫೆಡರಲ್ ಮೇಲುಸ್ತುವಾರಿಗೆ ಒಳಪಡಿಸಲಾಯಿತು. ಆ ಪೆಟ್ಟಿನ ಬೆನ್ನಿಗೇ, 2010ರಿಂದ, ಈ ಸಮೀಕ್ಷೆ ತಿಂಗಳಿಗೊಮ್ಮೆ ನಡೆಯುತ್ತ ಬಂದಿದೆ. ಪ್ರತಿ ಬಾರಿಯೂ ಸುಮಾರು 1,000 ಮಂದಿ ವಯಸ್ಕರನ್ನು, ಅವರಲ್ಲಿ ಮನೆ ಮಾಲೀಕರನ್ನೂ ಬಾಡಿಗೆದಾರರನ್ನೂ, ಮನೆ ಬೆಲೆ, ಬಾಡಿಗೆ, ಬಡ್ಡಿ, ನೌಕರಿ, ಮನೆಯ ವರಮಾನ ಮತ್ತು ಖರ್ಚುಗಳ ಬಗ್ಗೆ ಪ್ರಶ್ನಿಸಲಾಗುತ್ತದೆ. ಗೃಹಸಾಲವನ್ನೇ ವ್ಯಾಪಾರ ಮಾಡಿಕೊಂಡ ಸಂಸ್ಥೆಯೊಂದು ಜನರಿಗೆ ಮನೆ ಕೊಳ್ಳುವ ಮನಸ್ಸಿದೆಯೇ ಎಂದು ಕೇಳುವುದು, ಅಂಗಡಿಯವನೇ ಗಿರಾಕಿಯನ್ನು ನಿಲ್ಲಿಸಿ ಸರಕು ಹೇಗಿದೆ ಎಂದು ಕೇಳಿದಂತೆ ಎಂಬ ಅನುಮಾನ ನನಗೂ ಇತ್ತು. ಆದರೆ ಗಿರಾಕಿ ಮುಖ ಸಿಂಡರಿಸಿದಾಗಲೂ ಅದನ್ನು ಮುಚ್ಚಿಡದೆ ಬರೆದಿದ್ದಾರೆ ಎಂಬುದಕ್ಕೆ ಮುಂದೆ ಹೇಳುವ ಅಂಕಿಗಳೇ ಸಾಕ್ಷಿ.

ಪತ್ರಿಕೆಗಳ ತಲೆಬರಹಕ್ಕೆ ಏರುವುದು ಸಮೀಕ್ಷೆಯಲ್ಲ, ಅದರಿಂದ ಬಸಿದು ತೆಗೆದ ‘ಮನೆ ಖರೀದಿ ಮನೋಭಾವ ಸೂಚ್ಯಂಕ’. ಇದು 2015ರಲ್ಲಿ ಬಂದದ್ದು. ಹತ್ತಾರು ಪ್ರಶ್ನೆಗಳ ಪೈಕಿ ಆರನ್ನು ಮಾತ್ರ ಆರಿಸಿಕೊಂಡು, ಪ್ರತಿ ಪ್ರಶ್ನೆಯಲ್ಲೂ ಅನುಕೂಲಕರ ಉತ್ತರ ಕೊಟ್ಟವರ ಶೇಕಡಾವಾರಿನಿಂದ ಪ್ರತಿಕೂಲ ಉತ್ತರ ಕೊಟ್ಟವರ ಶೇಕಡಾವಾರನ್ನು ಕಳೆದು, ಆರರ ಸರಾಸರಿ ತೆಗೆದು, ಅದಕ್ಕೊಂದು ಸ್ಥಿರಸಂಖ್ಯೆಯನ್ನು ಕೂಡಿಸುತ್ತಾರೆ. ಲೆಕ್ಕ ಇಷ್ಟೇ. ಇಷ್ಟು ಸರಳವಾದದ್ದನ್ನು ಮನೆಯಲ್ಲೇ ಮಾಡಿ ನೋಡಬಹುದಲ್ಲ ಎನಿಸಿ, ಈ ಸಲದ ನವೀಕರಣದ ಪತ್ರ ಬಂದ ರಾತ್ರಿ ಅದರ ಹಿಂಬದಿಯಲ್ಲೇ ಗೆರೆ ಎಳೆದು ಎರಡು ಅಂಕಣ ಮಾಡಿದೆ. ಒಂದು ನನಗೆ, ಒಂದು ನಮ್ಮ ಯಜಮಾನರಿಗೆ.

ಮನೆ ಕೊಳ್ಳಲು ಇದು ಒಳ್ಳೆಯ ಕಾಲವೇ? ಇಬ್ಬರೂ ಅಲ್ಲ ಎಂದೆವು. ಮಾರಲು ಒಳ್ಳೆಯ ಕಾಲವೇ? ಮಾರಲು ನಮ್ಮಲ್ಲಿ ಮನೆಯೇ ಇಲ್ಲ, ಆದರೂ ಅಭಿಪ್ರಾಯ ಕೇಳಿದ್ದಾರಲ್ಲ ಎಂದು ಇಬ್ಬರೂ ಹೌದು ಎಂದೆವು. ಮುಂದಿನ 12 ತಿಂಗಳಲ್ಲಿ ಮನೆ ಬೆಲೆ ಏರುತ್ತದೆಯೇ, ಇಳಿಯುತ್ತದೆಯೇ? ಇಬ್ಬರ ಉತ್ತರವೂ ಏರುತ್ತದೆ. ಗೃಹಸಾಲದ ಬಡ್ಡಿ? ಈಗಿರುವಂತೆಯೇ ಇರುತ್ತದೆ ಎಂದು ನಾನು, ಇನ್ನೂ ಏರುತ್ತದೆ ಎಂದು ಅವರು. ಮುಂದಿನ 12 ತಿಂಗಳಲ್ಲಿ ನೌಕರಿ ಹೋಗಬಹುದೆಂಬ ಚಿಂತೆ ಇದೆಯೇ? ನನಗಿಲ್ಲ. ಅವರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿದ್ದು, ಇದೆ ಎಂದರು. ಕಳೆದ ವರ್ಷಕ್ಕೆ ಹೋಲಿಸಿದರೆ ಮನೆಯ ವರಮಾನ ಗಣನೀಯವಾಗಿ ಹೆಚ್ಚಿದೆಯೇ, ಕಡಿಮೆಯಾಗಿದೆಯೇ? ಎರಡೂ ಅಲ್ಲ, ಇದ್ದಷ್ಟೇ ಇದೆ.

ಸೂಚ್ಯಂಕದ ನಿಯಮದಂತೆಯೇ ಕೂಡಿದೆ. ಕೊಳ್ಳುವ ಪ್ರಶ್ನೆಗೆ ಋಣ ಒಂದು, ಮಾರುವುದಕ್ಕೆ ಧನ ಒಂದು, ಬೆಲೆ ಏರಿಕೆಗೆ ಧನ ಒಂದು, ಬಡ್ಡಿಗೆ ಸೊನ್ನೆ, ನೌಕರಿಗೆ ಧನ ಒಂದು, ವರಮಾನಕ್ಕೆ ಸೊನ್ನೆ: ನನ್ನ ಅಂಕಣದ ಮೊತ್ತ ಧನ ಎರಡು. ಬಡ್ಡಿ ಮತ್ತು ನೌಕರಿ ಎರಡರಲ್ಲೂ ಕಳೆದುಕೊಂಡ ಯಜಮಾನರದು ಋಣ ಒಂದು. ಇಬ್ಬರದೂ ಸೇರಿಸಿದರೆ ಧನ ಒಂದು. ಮನೆ ಕೊಳ್ಳುವ ಮನಸ್ಸೇ ಇಲ್ಲದ, ಕೊಳ್ಳಲು ಇದು ಕಾಲವಲ್ಲ ಎಂದು ಇಬ್ಬರೂ ಒಂದೇ ದನಿಯಲ್ಲಿ ಹೇಳಿದ ಸಂಸಾರವೊಂದು ‘ಮನೆ ಖರೀದಿ ಮನೋಭಾವ’ದ ಲೆಕ್ಕಕ್ಕೆ ಅನುಕೂಲದ ಕಡೆ ಒಂದಂಕ ಕೂಡಿಸಿತ್ತು.

ಇದು ನಾನು ಲೆಕ್ಕ ತಪ್ಪಿದ್ದರಿಂದ ಆದದ್ದಲ್ಲ, ಸೂಚ್ಯಂಕವನ್ನು ಕಟ್ಟಿರುವುದೇ ಹಾಗೆ. ಬೆಲೆ ಏರುತ್ತದೆ ಎಂಬ ನಿರೀಕ್ಷೆ, ಮಾರಲು ಒಳ್ಳೆಯ ಕಾಲ ಎಂಬ ಅಭಿಪ್ರಾಯ, ಇವೆರಡೂ ಈಗಾಗಲೇ ಮನೆ ಇರುವವರ ದೃಷ್ಟಿಯಿಂದ ಶುಭಸೂಚನೆಗಳು; ಮಾರುಕಟ್ಟೆ ಚುರುಕಾಗಿದೆ ಎಂದು ತಿಳಿಯಬಯಸುವ ಸಾಲಸಂಸ್ಥೆಗೂ ಶುಭವೇ. ಮೊದಲ ಮನೆಗಾಗಿ ಡೌನ್ ಪೇಮೆಂಟ್ ಹಣ ಕೂಡಿಡುತ್ತಿರುವವರಿಗೆ ಮಾತ್ರ ಅವೇ ಎರಡು ಉತ್ತರಗಳು ಮನೆ ಕೈಗೆಟುಕದಂತೆ ದೂರ ಸರಿಯುತ್ತಿದೆ ಎಂಬುದರ ಗುರುತು. ಒಂದೇ ಮಾತು ಒಬ್ಬರ ಬಾಯಲ್ಲಿ ಭರವಸೆ, ಇನ್ನೊಬ್ಬರ ಬಾಯಲ್ಲಿ ನಿಟ್ಟುಸಿರು. ಸೂಚ್ಯಂಕ ಎರಡನ್ನೂ ಭರವಸೆಯ ಖಾತೆಗೇ ಜಮಾ ಮಾಡುತ್ತದೆ.

ದೇಶದ ಮಟ್ಟದಲ್ಲಿ ಇದರ ಪರಿಣಾಮ ಎದ್ದು ಕಂಡದ್ದು 2022 ಮತ್ತು 2023ರಲ್ಲಿ. 2019ರ ಆಗಸ್ಟಿನಲ್ಲಿ 93.8ಕ್ಕೆ ಏರಿದ್ದ ಸೂಚ್ಯಂಕ 2022ರ ಅಕ್ಟೋಬರಿನಲ್ಲಿ 56.7ಕ್ಕೆ ಇಳಿಯಿತು, ಅಲ್ಲಿಯವರೆಗಿನ ಅತ್ಯಂತ ಕಡಿಮೆ ಅಂಕ ಅದು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ: 2021ರ ಜನವರಿಯಲ್ಲಿ ಶೇ 2.65ಕ್ಕೆ ಸಿಗುತ್ತಿದ್ದ 30 ವರ್ಷಗಳ ಸ್ಥಿರ ಬಡ್ಡಿಯ ಸಾಲ ಆ ಹೊತ್ತಿಗೆ ಶೇ 7ರ ಗೆರೆಯನ್ನು ಮುಟ್ಟಿತ್ತು. ಮರುವರ್ಷದ ಅಕ್ಟೋಬರಿನಲ್ಲಿ ಬಡ್ಡಿ ಶೇ 7.79ಕ್ಕೆ ಏರಿದಾಗ, ಕೊಳ್ಳಲು ಇದು ಕೆಟ್ಟ ಕಾಲ ಎಂದವರ ಪ್ರಮಾಣ ಶೇ 85ಕ್ಕೆ ತಲುಪಿತು. ಸಮೀಕ್ಷೆ ಆರಂಭವಾದಾಗಿನಿಂದ ಅಷ್ಟು ಜನ ಹಾಗೆ ಹೇಳಿರಲಿಲ್ಲ. ಹಾಗಾದರೆ ಆ ತಿಂಗಳ ಸೂಚ್ಯಂಕ ಪಾತಾಳ ಕಂಡಿರಬೇಕಲ್ಲವೇ? ಇಲ್ಲ, ಅದು 64.9ರಲ್ಲಿತ್ತು. ಅಂದರೆ ಕೊಳ್ಳುವವರ ಮನಸ್ಸು ಹಿಂದೆಂದಿಗಿಂತ ಕುಗ್ಗಿದ್ದ ತಿಂಗಳಲ್ಲಿ ‘ಖರೀದಿ ಮನೋಭಾವ’ವು ಹಿಂದಿನ ವರ್ಷಕ್ಕಿಂತ ಎಂಟು ಅಂಕಗಳಷ್ಟು ಉತ್ತಮವಾಗಿತ್ತು. ಉಳಿದ ಪ್ರಶ್ನೆಗಳು ಮೊದಲನೆಯ ಪ್ರಶ್ನೆಯ ಕೂಗನ್ನು ಅಡಗಿಸಿಬಿಟ್ಟಿದ್ದವು. ನಮ್ಮ ಪತ್ರದ ಹಿಂಬದಿಯಲ್ಲಿ ಆದದ್ದೂ ಇದೇ.

ಇಷ್ಟು ದೂರಿದ ಮೇಲೂ ನಾನು ಈ ಸಮೀಕ್ಷೆಯನ್ನು ಓದುವುದನ್ನು ಬಿಟ್ಟಿಲ್ಲ. ಸೂಚ್ಯಂಕವನ್ನು ಪಕ್ಕಕ್ಕಿಟ್ಟು ಅದರ ಹಿಂದಿನ ಪಟಗಳಿಗೆ ಹೋದರೆ ಸಿಗುವ ಸರಕು ನಿಜಕ್ಕೂ ಬೆಲೆಯುಳ್ಳದ್ದು. ಮುಂದಿನ ವರ್ಷ ಬಾಡಿಗೆ ಏರುತ್ತದೆಯೇ, ಏರಿದರೆ ಶೇಕಡಾ ಎಷ್ಟು ಎಂದು ಕೇಳುತ್ತಾರೆ. ಈಗ ಮನೆ ಬದಲಿಸಬೇಕಾಗಿ ಬಂದರೆ ಕೊಳ್ಳುತ್ತೀರೋ ಬಾಡಿಗೆಗೆ ಹೋಗುತ್ತೀರೋ ಎಂದು ಕೇಳುತ್ತಾರೆ. ಮೂರರಲ್ಲಿ ಎರಡು ಪಾಲಿನ ಆಸುಪಾಸಿನಷ್ಟು ಜನ ಕೊಳ್ಳುತ್ತೇವೆ ಎನ್ನುವುದು ಬಹಳ ವರ್ಷಗಳಿಂದ ಕಂಡುಬಂದಿದೆ. ಕೊಳ್ಳಲು ಕೆಟ್ಟ ಕಾಲ ಎನ್ನುವವರ ದಂಡು ಬೆಳೆದಾಗಲೂ ಈ ಪಟದ ಗೆರೆ ಅದರ ಜೊತೆ ಜೊತೆಗೆ ಕುಸಿದುಬೀಳುವುದಿಲ್ಲ. ಜನರಿಗೆ ಸ್ವಂತ ಮನೆ ಬೇಡವಾಗಿಲ್ಲ, ಈ ಬೆಲೆಗೆ, ಈ ಬಡ್ಡಿಗೆ ಬೇಡವಾಗಿದೆ ಎಂಬ ಮುಖ್ಯ ಸಂಗತಿ ಈ ಎರಡು ಪಟಗಳನ್ನು ಅಕ್ಕಪಕ್ಕ ಇಟ್ಟವರಿಗೆ ಮಾತ್ರ ಕಾಣುತ್ತದೆ.

ಓದುವಾಗ ಒಂದು ಎಚ್ಚರ ಬೇಕು. 1,000 ಜನರ ಮಾದರಿಯಲ್ಲಿ ಸರಳ ಲೆಕ್ಕದ ಪ್ರಕಾರವೇ ಮೇಲಕ್ಕೋ ಕೆಳಕ್ಕೋ ಮೂರು ಶೇಕಡಾಂಶದಷ್ಟು ವ್ಯತ್ಯಾಸ ಬರೀ ಆಕಸ್ಮಿಕವಾಗಿ ಬರಬಹುದು. ಅದರಲ್ಲಿ ಬಾಡಿಗೆದಾರರು ಮೂರನೇ ಒಂದು ಪಾಲು ಎಂದಿಟ್ಟುಕೊಂಡರೆ, ಅವರ ಮಟ್ಟಿಗೆ ಆ ವ್ಯತ್ಯಾಸ ಐದನ್ನೂ ಮೀರುತ್ತದೆ. ಆದ್ದರಿಂದ ಬಾಡಿಗೆದಾರರ ವಿಶ್ವಾಸ ಎರಡಂಶ ಕುಸಿಯಿತು ಎಂಬಂಥ ಸುದ್ದಿಯನ್ನು ನಾನು ಓದಿ ಮರೆಯುತ್ತೇನೆ. ಐದಾರು ತಿಂಗಳು ಒಂದೇ ದಿಕ್ಕಿಗೆ ನಡೆದದ್ದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ಇದೇ ಸರಕಿನ ಬೇರೆ ಅಂಗಡಿಗಳೂ ಇವೆ. ಜಾರ್ಜ್ ಕಟೋನಾ ಅವರು 1946ರಲ್ಲಿ ಆರಂಭಿಸಿದ ಮಿಷಿಗನ್ ವಿಶ್ವವಿದ್ಯಾಲಯದ ಗ್ರಾಹಕ ಸಮೀಕ್ಷೆ ಇವುಗಳಲ್ಲೆಲ್ಲ ಹಿರಿಯದು; ಮನೆ ಕೊಳ್ಳಲು ಒಳ್ಳೆಯ ಕಾಲವೇ ಎಂದು ಕೇಳಿ ಸುಮ್ಮನಾಗದೆ, ಹಾಗೆ ಏಕೆ ಹೇಳುತ್ತೀರಿ ಎಂದು ಮರುಪ್ರಶ್ನೆ ಹಾಕುವುದು ಅದರ ಹೆಚ್ಚುಗಾರಿಕೆ. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಅಂಗ, ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕ್ 2013ರಿಂದ ನಡೆಸುತ್ತಿರುವ ಗ್ರಾಹಕ ನಿರೀಕ್ಷೆಗಳ ಸಮೀಕ್ಷೆ ನನಗೆ ಇನ್ನೂ ಹೆಚ್ಚು ಹಿಡಿಸಿತು. ಸುಮಾರು 1,300 ಮನೆಗಳ ಯಜಮಾನರನ್ನು, ಒಬ್ಬೊಬ್ಬರನ್ನೂ 12 ತಿಂಗಳವರೆಗೆ ಮತ್ತೆ ಮತ್ತೆ ಕೇಳುವುದರಿಂದ, ಬದಲಾದದ್ದು ಮನಸ್ಸೋ ಅಥವಾ ಉತ್ತರಿಸಿದ ಮನುಷ್ಯರೋ ಎಂಬ ಗೊಂದಲ ಅಲ್ಲಿ ಕಡಿಮೆ. ಅಲ್ಲದೆ ಅಲ್ಲಿ ಹೌದು, ಅಲ್ಲ ಎಂಬ ಉತ್ತರಕ್ಕೆ ಬದಲಾಗಿ ಸಾಧ್ಯತೆ ನೂರಕ್ಕೆ ಎಷ್ಟು ಎಂದು ಕೇಳುತ್ತಾರೆ: ನೌಕರಿ ಹೋಗುವ ಸಾಧ್ಯತೆ ಎಷ್ಟು, ಮುಂದಿನ ಮೂರು ತಿಂಗಳಲ್ಲಿ ಸಾಲದ ಕನಿಷ್ಠ ಕಂತನ್ನೂ ಕಟ್ಟಲಾಗದ ಸಾಧ್ಯತೆ ಎಷ್ಟು. ವರ್ಷಕ್ಕೊಮ್ಮೆ ನಡೆಸುವ ಅದರ ವಸತಿ ಸಮೀಕ್ಷೆಯಲ್ಲಿ, ಮುಂದೆ ಎಂದಾದರೂ ಸ್ವಂತ ಮನೆ ಮಾಡಿಕೊಳ್ಳುವ ಸಾಧ್ಯತೆ ಎಷ್ಟು ಎಂದು ಬಾಡಿಗೆದಾರರನ್ನು ಕೇಳಿದಾಗ 2024ರಲ್ಲಿ ಬಂದ ಸರಾಸರಿ ಉತ್ತರ ಶೇ 40.1, ಹಿಂದಿನ ವರ್ಷ ಅದು ಶೇ 44.4 ಇತ್ತು. ಫ್ಯಾನಿ ಮೇ ಸೂಚ್ಯಂಕದ ಆರು ಪ್ರಶ್ನೆಗಳು ಹೇಳಲಾಗದ್ದನ್ನು ಈ ಒಂದು ಅಂಕಿ ಹೇಳುತ್ತದೆ.

ಮನೆಯ ಹಣಕಾಸಿನ ವಿಷಯಕ್ಕೆ ಬಂದರೆ ಫೆಡರಲ್ ರಿಸರ್ವ್ ಮಂಡಳಿಯ ವಾರ್ಷಿಕ ಸಮೀಕ್ಷೆಯನ್ನು ಮೀರಿಸಿದ್ದು ಕಾಣೆ. ಅಚಾನಕ್ಕಾಗಿ 400 ಡಾಲರಿನ ಖರ್ಚು ಬಂದರೆ ಹೇಗೆ ನಿಭಾಯಿಸುತ್ತೀರಿ ಎಂಬ ಅದರ ಪ್ರಶ್ನೆ ಪ್ರಸಿದ್ಧವಾಗಿದೆ. ಸಾಲ ಮಾಡದೆ, ಏನನ್ನೂ ಮಾರದೆ, ಕೈಯಲ್ಲಿರುವ ಹಣದಿಂದಲೇ ನಿಭಾಯಿಸುತ್ತೇವೆ ಎಂದವರು 2013ರಲ್ಲಿ ಶೇ 50. ಕೋವಿಡ್ ಪರಿಹಾರದ ಹಣ ಜನರ ಖಾತೆಗಳಲ್ಲಿದ್ದ 2021ರಲ್ಲಿ ಶೇ 68. ಮರುವರ್ಷ ಶೇ 63. ವರಮಾನ ಹೆಚ್ಚಿದೆಯೇ ಎಂದು ಕೇಳಿದರೆ ಮನುಷ್ಯ ಯೋಚಿಸಿ, ಸ್ವಲ್ಪ ಹಿಗ್ಗಿಸಿಯೋ ಕುಗ್ಗಿಸಿಯೋ ಹೇಳುತ್ತಾನೆ. ಕಾರು ಕೆಟ್ಟರೆ ರಿಪೇರಿಗೆ ಹಣ ಎಲ್ಲಿಂದ ತರುತ್ತೀರಿ ಎಂಬಂಥ ಪ್ರಶ್ನೆ ಅವನನ್ನು ನೇರವಾಗಿ ಪಾಸ್‌ಬುಕ್ಕಿನ ಮುಂದೆ ಕೂರಿಸುತ್ತದೆ. ಫ್ಯಾನಿ ಮೇ ಸಮೀಕ್ಷೆಯ ಹಣಕಾಸಿನ ಭಾಗಕ್ಕೆ ಈ ನೇರತನ ಇಲ್ಲ.

ಪ್ರಕಟಣೆಯ ಅಚ್ಚುಕಟ್ಟಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಪಟಗಳು ಸ್ಪಷ್ಟವಾಗಿವೆ, ಹಿಂದಿನ ತಿಂಗಳುಗಳ ಅಂಕಿಗಳೂ ಸಿಗುತ್ತವೆ, ಪ್ರಶ್ನೆಗಳ ಮಾತನ್ನು ಇದ್ದಂತೆಯೇ ಕೊಟ್ಟಿರುತ್ತಾರೆ. ಸೂಚ್ಯಂಕವನ್ನು ಮುಖಪುಟದಲ್ಲಿ ಅಷ್ಟು ದೊಡ್ಡದಾಗಿ ಅಚ್ಚು ಹಾಕುವುದರ ಬದಲು ಬಾಡಿಗೆದಾರರ ಉತ್ತರಗಳನ್ನೂ ಮಾಲೀಕರ ಉತ್ತರಗಳನ್ನೂ ಬೇರೆ ಬೇರೆ ಎರಡು ಗೆರೆಗಳಾಗಿ ಮೊದಲ ಪಟದಲ್ಲೇ ಕೊಟ್ಟಿದ್ದರೆ ನಾನು ಐದಕ್ಕೆ ನಾಲ್ಕೂವರೆ ಕೊಡುತ್ತಿದ್ದೆ; ಈಗ ಮೂರೂವರೆ. ಮಾರುಕಟ್ಟೆಯ ಒಟ್ಟು ಹವೆ ತಿಳಿಯಬೇಕೆನ್ನುವವರಿಗೆ, ಮನೆ ಮಾರಲು ಹೊರಟವರಿಗೆ ಇದು ಧಾರಾಳವಾಗಿ ಸಾಕು. ಮೊದಲ ಮನೆ ಕೊಳ್ಳುವವರು ಇದರ ಮೊದಲ ಪ್ರಶ್ನೆಯ ಪಟವನ್ನೂ ಬಾಡಿಗೆ ನಿರೀಕ್ಷೆಯ ಪಟವನ್ನೂ ನೋಡಿ, ಉಳಿದದ್ದಕ್ಕೆ ನ್ಯೂಯಾರ್ಕ್ ಬ್ಯಾಂಕಿನ ವರದಿಗೆ ಹೋಗುವುದು ಲೇಸು.

ಸೂಚ್ಯಂಕ ಆರು ಪ್ರಶ್ನೆಗಳಿಗೂ ಸಮಾನ ತೂಕ ಕೊಡುತ್ತದೆ. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಬೆಲೆ, ಬಡ್ಡಿ, ವರಮಾನ ಎಲ್ಲವನ್ನೂ ಮತ್ತೊಮ್ಮೆ ಕೂಡಿ ಕಳೆದು, ಕೊಂಡರೂ ಹೇಗೋ ತೂಗಿಸಬಹುದು ಎಂಬಲ್ಲಿಗೆ ನಾನು ಮಾತನ್ನು ತಂದಿದ್ದೆ. ಯಜಮಾನರು ಏನೂ ಹೇಳದೆ ಕಾಗದವನ್ನು ತಮ್ಮ ಕಡೆ ಎಳೆದುಕೊಂಡು, ಐದನೆಯ ಸಾಲಿನಲ್ಲಿ ತಾವು ಬರೆದಿದ್ದ ಉತ್ತರದ ಸುತ್ತ ಒಂದು ವೃತ್ತ ಹಾಕಿದರು. ಕಾಗದ ತಿರುಗಿಸಿ, ಇನ್ನೊಂದು ವರ್ಷಕ್ಕೆ ಎಂದಿದ್ದ ಕಡೆ ಇಬ್ಬರೂ ಸಹಿ ಮಾಡಿದೆವು.