ನಾಯಿ ತಿಂದಿದೆಯಾ ಅಂತ ಕೇಳದೆ ರಕ್ತ ತೆಗೆದರು, ಲಿವರ್ ಕೆಟ್ಟಿದೆ ಎಂದರು!

ಡೊಂಬಿವಲಿ ಕಡೆಯ ನಮ್ಮ ಕನ್ನಡದವರೇ, ಮನೆಯಲ್ಲಿ ನಾಯಿ ಇದ್ದರೆ ದಯವಿಟ್ಟು ಪೂರ್ತಿ ಓದಿ. ಮೂರು ವಾರದಿಂದ ನನಗೆ ಹೊಟ್ಟೆ ಉರಿಯುತ್ತಿದೆ.

ನಮ್ಮ ಲ್ಯಾಬ್ರಡಾರ್ ಚಿನ್ನುಗೆ 8 ವರ್ಷ. ಕಾಯಿಲೆ ಏನೂ ಇರಲಿಲ್ಲ, ವಯಸ್ಸಾಯಿತಲ್ಲ ಅಂತ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದೆ. ಬೆಳಿಗ್ಗೆ 8ಕ್ಕೆ ಚಿಕನ್ ಅನ್ನ ತಿಂದಿದ್ದಳು, ಮೇಲೆ ತುಪ್ಪ. 11ಕ್ಕೆ ಕ್ಲಿನಿಕ್‌ನಲ್ಲಿ ರಕ್ತ ತೆಗೆದರು. ಖಾಲಿ ಹೊಟ್ಟೆಯಲ್ಲಿ ತನ್ನಿ ಅಂತ ಫೋನಿನಲ್ಲಿ ಹೇಳಲಿಲ್ಲ. ತಿಂದಿದ್ದಾಳಾ ಅಂತ ಅಲ್ಲಿಯೂ ಕೇಳಲಿಲ್ಲ. ನಮ್ಮ ಶುಗರ್ ಟೆಸ್ಟಿಗೆ ಹೋದರೆ ಮೊದಲು ಕೇಳುವುದೇ ಅದನ್ನು, ಅಲ್ವಾ?

ಸಂಜೆ ರಿಪೋರ್ಟ್ ಬಂತು. ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ಅಂಶ) ಜಾಸ್ತಿ, ಲಿವರ್ ಎನ್‌ಜೈಮ್ ಜಾಸ್ತಿ, ಹಿಮೋಗ್ಲೋಬಿನ್ನೂ ಜಾಸ್ತಿ. "ಲಿವರ್ ಕೆಟ್ಟಿದೆ, ಇವತ್ತೇ ಔಷಧಿ ಶುರು ಮಾಡಿ, ಸೋನೋಗ್ರಫಿ ಮಾಡಿಸಿ." ನನ್ನ ಹೆಂಡತಿ ಅಲ್ಲೇ ಅತ್ತುಬಿಟ್ಟಳು. ಎಲ್ಲಾ ಸೇರಿ 6,800 ರೂಪಾಯಿ ಕಟ್ಟಿದೆ. ಒಂದು ಮಾತೂ ಕೇಳದೆ ಕಟ್ಟಿದೆ.

ಮೂರನೇ ದಿನ ಮುಲುಂಡ್‌ನ ಇನ್ನೊಬ್ಬ ಡಾಕ್ಟರ್ ಹತ್ತಿರ ಹೋದೆವು. ಅವರು ರಿಪೋರ್ಟ್‌ನ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಸಣ್ಣ ಅಕ್ಷರದಲ್ಲಿ 'ಲಿಪೆಮಿಕ್ ಸ್ಯಾಂಪಲ್' ಅಂತ ಇತ್ತು, ಅಂದರೆ ತೆಗೆದ ರಕ್ತದಲ್ಲಿ ಕೊಬ್ಬು ತುಂಬಿದೆ ಅಂತ. "ಅವತ್ತು ಎಷ್ಟು ಹೊತ್ತಿಗೆ ತಿಂದಿದ್ದಳು?" ಎಂದರು. ನನಗೆ ಕಣ್ಣು ಕತ್ತಲೆ ಬಂದ ಹಾಗಾಯಿತು. ಮೂರು ದಿನ ಆ ಕಾಗದ ನನ್ನ ಕೈಯಲ್ಲೇ ಇತ್ತು!

ಊಟ ಆದ ಮೇಲೆ ಕೊಬ್ಬು ರಕ್ತಕ್ಕೆ ಸೇರುತ್ತದೆ, ಸೀರಮ್, ಅಂದರೆ ರಕ್ತದ ತಿಳಿ ಭಾಗ, ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಮೆಷಿನ್ ಅದರೊಳಗೆ ಬೆಳಕು ಹಾಯಿಸಿ ಅಳೆಯುತ್ತದೆ. ಕೊಬ್ಬು ಬೆಳಕನ್ನು ಚದುರಿಸಿದರೆ ಲೆಕ್ಕ ತಪ್ಪುತ್ತದೆ. ಅಂಥ ರಕ್ತದಲ್ಲಿ ಕೆಂಪು ಕಣಗಳೂ ಬೇಗ ಒಡೆಯುತ್ತವಂತೆ, ಅದರಿಂದ ಇನ್ನಷ್ಟು ತಪ್ಪು. 12 ಗಂಟೆ ಉಪವಾಸ ಇಟ್ಟು ಮತ್ತೆ ಪರೀಕ್ಷೆ ಮಾಡಿಸಿದೆವು. ಎಲ್ಲವೂ ಸರಿ. ಎಲ್ಲವೂ!

ಎರಡೂ ರಿಪೋರ್ಟ್ ಹಿಡಿದು ಹಳೇ ಕ್ಲಿನಿಕ್‌ಗೆ ಹೋದೆ. "ತಿಂದಿದ್ದಾಳೆ ಅಂತ ನೀವೇ ಹೇಳಬೇಕಿತ್ತು" ಎಂದರು. ಆಮೇಲೆ "ಮೆಷಿನ್ ಕೊಟ್ಟ ನಂಬರ್, ನಾವೇನು ಮಾಡೋದು?" ಕೊನೆಗೆ "ನಮ್ಮ ಔಷಧಿಯಿಂದಲೇ ಗುಣ ಆಗಿರಬಹುದು" ಅಂದರು. ಇಲ್ಲದ ಕಾಯಿಲೆ ಗುಣ ಆಯಿತಂತೆ! ಆ ಸಾಲು ಯಾಕೆ ನೋಡಲಿಲ್ಲ ಅಂತ ಕೇಳಿದರೆ ಉತ್ತರವೇ ಇಲ್ಲ.

ಅವಸರದ ಕೇಸ್ ಅಲ್ಲದಿದ್ದರೆ ರಾತ್ರಿ ಊಟದ ನಂತರ ಏನೂ ಕೊಡಬೇಡಿ, ನೀರು ಇಡಿ. ಮರಿ ಅಥವಾ ಡಯಾಬಿಟಿಸ್ ಇರುವ ನಾಯಿ ಆದರೆ ಡಾಕ್ಟರನ್ನು ಕೇಳಿಯೇ ಉಪವಾಸ ಇಡಿ. ಉಪವಾಸದ ನಂತರವೂ ಸೀರಮ್ ಬೆಳ್ಳಗಿದ್ದರೆ ಥೈರಾಯ್ಡ್, ಡಯಾಬಿಟಿಸ್ ಇರಬಹುದು, ಅದನ್ನು ಬಿಡಬೇಡಿ. ರಿಪೋರ್ಟ್‌ನ ಕೊನೆಯ ಸಾಲು ಓದಿ. ನಾನು ಓದಿರಲಿಲ್ಲ.

ಹಣ ವಾಪಸ್ ಕೇಳಿದ್ದೇನೆ. ಈಗ ಫೋನೇ ಎತ್ತುತ್ತಿಲ್ಲ.