ಹಾಂಗ್ ಎನ್‌ನ ಮರಳ ದಂಡೆಯೋ, ತು ಲಾನ್‌ನ ಕತ್ತಲ ನೀರೋ

ಕೊಪ್ಪಳದ ಕಡೆಯವರಿಗೆ ಗವಿ ಎಂದೊಡನೆ ನೆನಪಾಗುವುದು ಗವಿಮಠ. ನಮ್ಮ ಗಂಗಾವತಿಯ ಸುತ್ತಲಿನ ಗವಿಗಳೆಲ್ಲ ಗುಂಡುಕಲ್ಲುಗಳ ನಡುವಿನ ಸಂದುಗಳು. ಒಂದು ಬಂಡೆ ಇನ್ನೊಂದರ ಮೇಲೆ ಒರಗಿದಾಗ ಅಡಿಯಲ್ಲಿ ಉಳಿದ ಜಾಗ. ಹತ್ತಿಪ್ಪತ್ತು ಜನ ಕುಳಿತರೆ ತುಂಬಿಹೋಗುತ್ತವೆ. ಇದನ್ನೇ ಗವಿ ಎಂದು ನಂಬಿ ಬೆಳೆದ ನಾನು ವಿಯೆಟ್ನಾಮಿನ ಕ್ವಾಂಗ್ ಬಿನ್ಹ್ ಸೀಮೆಯ ಕಾಡುಗಳಿಗೆ ಎರಡು ಸಲ ಹೋಗಿಬಂದೆ. ಮೊದಲ ಸಲ ಹಾಂಗ್ ಎನ್ ಎಂಬ ಒಂದೇ ಭಾರಿ ಗುಹೆ, ಎರಡು ದಿನ. ಮರುವರ್ಷ ತು ಲಾನ್ ಎಂಬ ಗುಹೆಗಳ ಗುಂಪು, ಮೂರು ದಿನ. ಎರಡೂ ಸಲ ಜೊತೆಗಿದ್ದವನು ನನ್ನ ತಮ್ಮ. ಯಾವುದು ಚೆನ್ನ ಎಂದು ಕೇಳಿದವರಿಗೆಲ್ಲ ಇಷ್ಟು ದಿನ ‘ಎರಡೂ ಚೆನ್ನ’ ಎಂದೇ ಹೇಳುತ್ತ ಬಂದೆ. ಆದರೆ ದುಡ್ಡು ಕೂಡಿಟ್ಟು, ರಜೆ ಹೊಂದಿಸಿ, ಜನ್ಮಕ್ಕೊಮ್ಮೆ ಹೊರಡುವವರಿಗೆ ಆ ಉತ್ತರದಿಂದ ಏನೂ ಪ್ರಯೋಜನವಿಲ್ಲ.

ಸೋನ್ ಡೂಂಗ್ ಮಾತನ್ನು ಮೊದಲೇ ಮುಗಿಸುತ್ತೇನೆ, ಏಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಜಗತ್ತಿನ ಅತಿ ದೊಡ್ಡ ಗುಹೆ ಎಂದು ಹೆಸರಾದದ್ದು ಅದು. ಅದರ ಬಾಯನ್ನು ಮೊದಲು ಕಂಡವರು ಹೋ ಖಾನ್ಹ್ ಎಂಬ ಸ್ಥಳೀಯರು. ಅವರೇ ದಾರಿ ತೋರಿ ಕರೆದೊಯ್ದ ಬ್ರಿಟಿಷ್ ಗುಹಾಶೋಧಕರು 2009ರಲ್ಲಿ ಅದನ್ನು ಅಳೆದರು. ಹೋಗಿಬರಲು ಒಟ್ಟು ನಾಲ್ಕು ದಿನ, ವರ್ಷಕ್ಕೆ ಸುಮಾರು ಸಾವಿರ ಜನರಿಗಷ್ಟೇ ಅವಕಾಶ, ತಲೆಗೆ 3000 ಡಾಲರ್ ಆಸುಪಾಸು ಖರ್ಚು. ನಮಗದು ಎಟುಕುವಂಥದ್ದಲ್ಲ. ಹಾಂಗ್ ಎನ್‌ಗೆ ಅದರ ಹತ್ತನೆಯ ಒಂದು ಪಾಲಿಗಿಂತ ತುಸು ಹೆಚ್ಚು ಬೇಕು. ತು ಲಾನ್‌ಗೆ ಅದಕ್ಕಿಂತ ಇನ್ನೊಂದಿಷ್ಟು. ಸೋನ್ ಡೂಂಗ್‌ಗೆ ಹೋಗುವವರೂ ಹಾಂಗ್ ಎನ್ ದಾಟಿಯೇ ಹೋಗಬೇಕು ಎಂಬುದು ತಿಳಿದಾಗ ನನ್ನ ಮೊದಲ ಆಯ್ಕೆ ಸುಲಭವಾಯಿತು.

ಹಾಂಗ್ ಎನ್ ದಾರಿ ಇಳಿಜಾರಿನಿಂದ ಶುರುವಾಗುತ್ತದೆ. ಹೋ ಚಿ ಮಿನ್ಹ್ ಹೆದ್ದಾರಿಯ ಅಂಚಿನಲ್ಲಿ ವಾಹನ ಬಿಟ್ಟು ಕಾಡಿನೊಳಗೆ ಇಳಿಯುತ್ತಲೇ ಹೋಗಬೇಕು. ಇಳಿಯುವಾಗ ಸುಖ, ಆದರೆ ಎರಡನೆಯ ದಿನ ದಣಿದ ಕಾಲಿನಲ್ಲಿ ಇದನ್ನೇ ಹತ್ತಬೇಕು ಎಂಬುದು ಆಗ ತಲೆಗೆ ಹೊಳೆಯುವುದಿಲ್ಲ. ಕೆಳಗಿನ ಕಣಿವೆಯಲ್ಲಿ ಬಾನ್ ಡೂಂಗ್ ಎಂಬ ಪುಟ್ಟ ಹಳ್ಳಿಯಿದೆ, ಬ್ರು ವಾನ್ ಕಿಯು ಸಮುದಾಯದವರದು. ಅಲ್ಲಿಂದ ಮುಂದೆ ಹೊಳೆಯೇ ದಾರಿ. ಎಷ್ಟು ಸಲ ದಾಟಿದೆವೋ ಲೆಕ್ಕ ತಪ್ಪಿತು. ಮೊಣಕಾಲು ಮಟ್ಟದ ನೀರು, ಕಾಲಡಿ ನುಣುಪು ಕಲ್ಲು, ದಡದ ಹುಲ್ಲಿನಲ್ಲಿ ಜಿಗಣೆ. ಬಯಲುಸೀಮೆಯವರಾದ ನಮಗೆ ಜಿಗಣೆಯ ಅಭ್ಯಾಸವಿಲ್ಲ. ಮೊದಲ ಜಿಗಣೆ ಕಂಡಾಗ ನಾನು ಕೂಗಿದ್ದು ಕಣಿವೆಯೆಲ್ಲ ಕೇಳಿಸಿರಬೇಕು. ನಾಲ್ಕನೆಯದರ ಹೊತ್ತಿಗೆ ಮಾತಾಡುತ್ತಲೇ ಕಿತ್ತೆಸೆಯುತ್ತಿದ್ದೆ.

ಗುಹೆಯ ಬಾಯಿ ಹೊರಗಿನಿಂದ ಅಷ್ಟು ದೊಡ್ಡದೆನಿಸುವುದಿಲ್ಲ. ಒಳಹೊಕ್ಕು ಬಂಡೆಗಳ ರಾಶಿ ಏರಿ ನಿಂತಾಗ ಕೆಳಗೆ ಮರಳಿನ ದಂಡೆ, ಅದರ ಅಂಚಿಗೆ ಹಸಿರು ನೀರು, ಮರಳಿನ ಮೇಲೆ ಕಡಲೆಕಾಳಿನಂತೆ ಹರಡಿದ ಬಣ್ಣದ ಚುಕ್ಕೆಗಳು ಕಂಡವು. ಆ ಚುಕ್ಕೆಗಳೇ ನಾವು ಮಲಗಬೇಕಾದ ಡೇರೆಗಳು ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಅದು ಗುಹೆಯೊಳಗೆ ನನಗೆ ಸಿಕ್ಕ ಮೊದಲ ಅಳತೆ. ಹಂಪಿಯ ವಿರೂಪಾಕ್ಷ ಗುಡಿಯ ದೊಡ್ಡ ಗೋಪುರ ಸುಮಾರು 50 ಮೀಟರ್ ಎತ್ತರ. ಅಂಥ ಎರಡು ಗೋಪುರಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಈ ಗುಹೆಯ ಚಾವಣಿಯ ಅತಿ ಎತ್ತರದ ಭಾಗ ಮುಟ್ಟುವುದಿಲ್ಲ. ಉದ್ದ ಒಂದೂವರೆ ಕಿಲೋಮೀಟರಿಗೂ ಹೆಚ್ಚು. ಎನ್ ಎನ್ನುವುದು ಅಲ್ಲಿ ಗೂಡು ಕಟ್ಟುವ, ಕತ್ತಿಯಂಥ ರೆಕ್ಕೆಯ ಪುಟ್ಟ ಹಕ್ಕಿಯ ಹೆಸರು. ಸಂಜೆಯಾದರೆ ಅವುಗಳ ಚಿಲಿಪಿಲಿ ಮೇಲಿನಿಂದ ಮಳೆಯಂತೆ ಸುರಿಯುತ್ತದೆ.

ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಭಯದಿಂದಲ್ಲ, ಕಣ್ಣು ಮುಚ್ಚಲು ಮನಸ್ಸಾಗದೆ. ಗುಹೆಯ ಬಾಯಿಂದ ಒಂದಿಷ್ಟು ಬೆಳಕು ಮೆಲ್ಲಗೆ ಒಳಗೆ ಬಂದು ನೀರಿನ ಮೇಲೆ ಕುಳಿತಿತ್ತು. ಬೆಳಗ್ಗೆ ಇನ್ನೊಂದು ತುದಿಯವರೆಗೆ ನಡೆದೆವು. ಹೊಳೆ ಹೊರಬೀಳುವ ಆ ಕಮಾನಿನ ಕೆಳಗೆ ನಿಂತ ತಮ್ಮ ನನಗೆ ಇರುವೆಯಂತೆ ಕಂಡ. ಎರಡು ದಿನಕ್ಕೆ ಒಟ್ಟು ಸುಮಾರು 22 ಕಿಲೋಮೀಟರ್ ನಡಿಗೆ. ಕೊನೆಯ ಏರಿನಲ್ಲಿ ನನ್ನ ತೊಡೆ ನಡುಗುತ್ತಿತ್ತು. ಅಂಜನಾದ್ರಿಯ 575 ಮೆಟ್ಟಿಲನ್ನು ಎರಡು ತಿಂಗಳು ವಾರಕ್ಕೆ ಮೂರು ಸಲ ಹತ್ತಿದ್ದೆ. ಅದಿಲ್ಲದಿದ್ದರೆ ಹೆದ್ದಾರಿ ಮುಟ್ಟುತ್ತಿರಲಿಲ್ಲ. ಆದರೆ ಅಲ್ಲಿನ ಬೆವರು ನಮ್ಮ ಬೆವರಲ್ಲ. ನಮ್ಮ ಬಿಸಿಲಿನಲ್ಲಿ ಬೆವರು ಆರುತ್ತದೆ, ಅಲ್ಲಿ ಮೈಮೇಲೇ ನಿಲ್ಲುತ್ತದೆ. ಮೆಟ್ಟಿಲು ಕಾಲನ್ನು ಗಟ್ಟಿ ಮಾಡಬಲ್ಲದು, ಆ ಸೆಕೆಗೆ ಮೈಯನ್ನು ಒಗ್ಗಿಸಲಾರದು.

ತು ಲಾನ್ ಬೇರೆಯೇ ಲೋಕ. ಗುಹೆ ನೋಡಲು ಬರುವವರು ತಂಗುವ ಫೋಂಗ್ ನ್ಯಾ ಊರಿನಿಂದ ಸುಮಾರು 70 ಕಿಲೋಮೀಟರ್ ದೂರದ ತಾನ್ ಹೋವಾ ಹಳ್ಳಿಯೇ ಅದರ ಬಾಗಿಲು. ಹೊಲ, ಎಮ್ಮೆ, ಸುತ್ತ ಗೋಡೆಯಂತೆ ಎದ್ದ ಸುಣ್ಣಕಲ್ಲಿನ ಬೆಟ್ಟ. ಮಳೆ ಮಿತಿಮೀರಿದರೆ ನೀರಿಗೆ ಹೊರಹೋಗಲು ದಾರಿ ಸಾಲದೆ ಕಣಿವೆಯೇ ಕೆರೆಯಾಗುತ್ತದೆ. 2010ರ ನೆರೆಯ ಬಳಿಕ ಹಳ್ಳಿಯವರು ಖಾಲಿ ಡ್ರಮ್ಮುಗಳ ಮೇಲೆ ತೇಲುವ ಮನೆ ಕಟ್ಟಿಕೊಂಡಿದ್ದಾರೆ; ನೀರು ಏರಿದಂತೆ ಮನೆಯೂ ಏರುತ್ತದೆ. 2009ರಲ್ಲಿ ನಮ್ಮ ಸೀಮೆಯಲ್ಲಿ ನೆರೆ ಬಂದಾಗ ಊರಿಗೆ ಊರೇ ಗಂಟುಮೂಟೆ ಕಟ್ಟಿ ನಿಂತದ್ದನ್ನು ಕಂಡವಳು ನಾನು. ಆ ಮನೆಗಳ ಮುಂದೆ ಬಹಳ ಹೊತ್ತು ನಿಂತೆ.

ಇಲ್ಲಿ ಯಾವ ಗುಹೆಯೂ ಹಾಂಗ್ ಎನ್‌ನಷ್ಟು ದೊಡ್ಡದಲ್ಲ. ಆದರೆ ಒಂದಲ್ಲ, ಹಲವು. ಗುಡ್ಡ ಹತ್ತಿ ಇಳಿದು ಒಂದು ಗುಹೆ ಹೊಕ್ಕರೆ ಇನ್ನೊಂದು ಕಣಿವೆಯಲ್ಲಿ ಹೊರಬರುತ್ತೀರಿ. ಒಂದು ಕಡೆ ಸೊಂಟಕ್ಕೆ ಹಗ್ಗ ಬಿಗಿದು ಏಣಿ ಇಳಿಯಬೇಕು. ಡೇರೆ ಗುಹೆಯೊಳಗಲ್ಲ, ಜಲಪಾತದ ಪಕ್ಕದ ಬಯಲಿನಲ್ಲಿ. ಕೆಲವು ಗುಹೆಗಳಲ್ಲಂತೂ ನಡೆಯಲು ನೆಲವೇ ಇಲ್ಲ. ತೇಲುಡುಪು ತೊಟ್ಟು, ತಲೆಗೆ ದೀಪ ಕಟ್ಟಿಕೊಂಡು ಈಜಿಯೇ ಹೋಗಬೇಕು.

ನನಗೆ ಬದುಕಿನಲ್ಲಿ ಈಜು ಬಂದದ್ದು ನಲವತ್ತರ ಮೇಲೆ, ಅದೂ ಈ ಪ್ರಯಾಣಕ್ಕೆಂದೇ. ಕತ್ತಲ ನೀರಿಗೆ ಮೊದಲ ಸಲ ಇಳಿದಾಗ ಎದೆ ಬಿಗಿಯಿತು. ನೀರು ತಣ್ಣಗೆ ಕೊರೆಯುತ್ತಿತ್ತು. ದೀಪದ ಬೆಳಕು ಒಂದು ಮಾರು ದೂರಕ್ಕೇ ಸೋಲುತ್ತಿತ್ತು. ಮುಂದಿದ್ದ ತಮ್ಮ ತಿರುಗಿ, ‘ಅಕ್ಕಾ, ನೀರನ್ನು ನೋಡಬೇಡ, ಗೋಡೆ ನೋಡುತ್ತ ಬಾ’ ಎಂದ. ಆ ಮಾತಿನಿಂದ ನನ್ನ ಇಡೀ ಪ್ರಯಾಣದ ದಿಕ್ಕೇ ಬದಲಾಯಿತು. ಗೋಡೆಯ ತುಂಬ ಚಮಚದಿಂದ ಕೆರೆದಂತೆ ಸಾಲು ಸಾಲು ಕುಳಿಗಳು. ಮಾರ್ಗದರ್ಶಕ ದೀಪವನ್ನು ಓರೆಯಾಗಿ ಹಿಡಿದು ವಿವರಿಸಿದ: ಕುಳಿ ಚಿಕ್ಕದಿದ್ದಷ್ಟೂ ಅದನ್ನು ಕೊರೆದ ನೀರು ವೇಗದ್ದು, ಕುಳಿಯ ಕಡಿದಾದ ಬದಿ ನೀರು ಬಂದ ದಿಕ್ಕಿಗಿರುತ್ತದೆ. ಹೊಳೆ ಬತ್ತಿ ಸಾವಿರಾರು ವರ್ಷವಾಗಿದ್ದರೂ ಅದು ಎತ್ತ ಹರಿಯುತ್ತಿತ್ತು, ಎಷ್ಟು ರಭಸದಲ್ಲಿ ಎಂಬುದನ್ನು ಗೋಡೆಯಲ್ಲಿ ಓದಬಹುದು.

ತುಂಗಭದ್ರೆಯೂ ನಮ್ಮ ಸಾಣಾಪುರದ ಬಳಿ ಬಂಡೆಗಳಲ್ಲಿ ಕುಳಿ ಕೊರೆದಿದ್ದಾಳೆ. ಆದರೆ ನಮ್ಮ ಕಲ್ಲು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು. ಅದನ್ನು ಸವೆಸಲು ಹೊಳೆಯು ಮರಳು, ಹರಳು ಹಿಡಿದು ತಿರುವಿ ತಿರುವಿ ಉಜ್ಜಬೇಕು. ಸುಣ್ಣಕಲ್ಲು ಹಾಗಲ್ಲ. ಮಳೆನೀರು ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ, ಆ ಹುಳಿಗೆ ಕಲ್ಲು ಕರಗುತ್ತದೆ. ನಮ್ಮಲ್ಲಿ ಉಜ್ಜಿದ ಗುರುತು, ಅಲ್ಲಿ ಕರಗಿದ ಗುರುತು. ಹಾಂಗ್ ಎನ್‌ನಲ್ಲಿ ನಾನು ಇಷ್ಟೆಲ್ಲ ಯೋಚಿಸಲೇ ಇಲ್ಲ, ಬಾಯಿ ತೆರೆದು ಮೇಲೆ ನೋಡುತ್ತಲೇ ಇದ್ದೆ. ಗುಹೆಯನ್ನು ಹೊಳೆಯೇ ಕಟ್ಟಿದ ಮನೆ ಎಂದು ಅರಿತದ್ದು ತು ಲಾನ್‌ನಲ್ಲಿ, ಆ ಹೊಳೆಯೊಳಗೆ ಕುತ್ತಿಗೆಯವರೆಗೆ ಮುಳುಗಿದಾಗ.

ಉಳಿದ ವಿಷಯಗಳಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಡೇರೆ, ಅಡುಗೆ ಸಾಮಾನುಗಳನ್ನು ಹಮಾಲರೇ ಹೊರುತ್ತಾರೆ. ನಮ್ಮ ಬೆನ್ನಿಗೆ ಒಂದು ಸಣ್ಣ ಚೀಲ. ಹೆಂಗಸರು ಮೊದಲು ಕೇಳುವ ಶೌಚಾಲಯ ಎರಡೂ ಕಡೆ ಚೊಕ್ಕಟವಾಗಿದೆ: ಡೇರೆಯ ಮರೆ, ನೀರಿನ ಬದಲು ಭತ್ತದ ಹೊಟ್ಟು ಸುರಿಯುವ ವ್ಯವಸ್ಥೆ. ಅಕ್ಕಿ ಗಿರಣಿಗಳ ಊರಿನವಳಾದ ನನಗೆ ಹೊಟ್ಟಿನ ಈ ಉಪಯೋಗ ಹೊಸದು. ಮಾಂಸ ತಿನ್ನದವರು ಮೊದಲೇ ತಿಳಿಸಿದರೆ ಅನ್ನ, ತೋಫು, ಸೊಪ್ಪು ಧಾರಾಳ. ಆದರೂ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಿರಿ. ಎರಡನೆಯ ದಿನ ನಾಲಿಗೆ ಅದನ್ನೇ ಕೇಳುತ್ತದೆ.

ಬೂಟಿನ ವಿಷಯ ಮಾತ್ರ ಒತ್ತಿ ಹೇಳುತ್ತೇನೆ. ಒಂದು ಅಂಗಡಿಯವರ ಮಾತು ನಂಬಿ ನೀರು ಒಳಹೋಗದ ದುಬಾರಿ ಬೂಟು ಕೊಂಡು ಹಾಂಗ್ ಎನ್‌ಗೆ ಹೋದೆ. ಹೊಳೆಯಲ್ಲಿ ಮೊಣಕಾಲುವರೆಗೆ ಇಳಿದಾಗ ನೀರು ಮೇಲಿನಿಂದ ತುಂಬಿತು, ಹೊರಬರಲು ದಾರಿಯಿಲ್ಲ. ಒಂದೊಂದು ಕಾಲಿಗೂ ಒಂದು ಬಿಂದಿಗೆ ಕಟ್ಟಿಕೊಂಡಂತೆ ನಡೆದೆ. ಸಂಜೆಗೆ ಹಿಮ್ಮಡಿ ಸುಲಿದಿತ್ತು. ಮರುವರ್ಷ ನೀರು ಹೊರಗೆ ಸುರಿದುಹೋಗುವ ಹಗುರ ಬಟ್ಟೆಯ ಬೂಟು ತೊಟ್ಟೆ, ಮೂರು ದಿನವೂ ಒಂದು ಬೊಬ್ಬೆ ಏಳಲಿಲ್ಲ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಅಲ್ಲಿ ನೆರೆಯ ಕಾಲ, ಆಗ ಎರಡೂ ಬಂದ್. ನಮ್ಮ ದಸರಾ, ದೀಪಾವಳಿ ರಜೆಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಫೆಬ್ರುವರಿ, ಮಾರ್ಚ್ ನೋಡಿಕೊಳ್ಳಿ.

ಹಾಗಾದರೆ ಯಾವುದು? ನೀರಿಗೆ ಅಂಜುವವರು, ರಜೆ ಕಡಿಮೆ ಇರುವವರು, ಒಂದೇ ನೋಟಕ್ಕಾಗಿ ಇಷ್ಟು ದೂರ ಬರಲು ಸಿದ್ಧರಿರುವವರು ಹಾಂಗ್ ಎನ್‌ಗೆ ಹೋಗಲಿ. ಆ ಮರಳ ದಂಡೆಯ ನೋಟಕ್ಕೆ ಸಾಟಿ ತು ಲಾನ್‌ನಲ್ಲಿ ಇಲ್ಲ. ಮಂಡಿನೋವಿದ್ದರೆ ಮಾತ್ರ ಆ ಕೊನೆಯ ಏರನ್ನು ನೆನೆದು ಹತ್ತು ಸಲ ಯೋಚಿಸಲಿ. ತಮ್ಮನ ಮತ ಈಗಲೂ ಹಾಂಗ್ ಎನ್‌ಗೇ. ನನ್ನದು ತು ಲಾನ್‌ಗೆ. ಒಂದನ್ನೇ ಮತ್ತೆ ನೋಡಬಹುದು ಎಂದರೆ, ತಣ್ಣೀರು, ಎದೆಬಡಿತ ಎಲ್ಲ ಸೇರಿಸಿ, ನಾನು ಮತ್ತೆ ಆ ಕತ್ತಲ ನೀರಿಗೇ ಇಳಿಯುತ್ತೇನೆ.

ಇವೆರಡೂ ಆಗದವರಿಗೆ ನಮ್ಮ ಪಕ್ಕದ ಸೀಮೆಯಲ್ಲೇ, ಆಂಧ್ರದ ತಾಡಿಪತ್ರಿಯ ಹತ್ತಿರ, ಬೇಲಂ ಇದೆ. ಕಾಡಿಲ್ಲ, ನಡಿಗೆಯಿಲ್ಲ, ಮೆಟ್ಟಿಲು, ದೀಪ ಎಲ್ಲ ಇವೆ. ಆದರೆ ಅದೂ ಸುಣ್ಣಕಲ್ಲೇ, ಅದೂ ನೀರೇ ಕೊರೆದ 3229 ಮೀಟರ್. ತು ಲಾನ್‌ನಿಂದ ಬಂದ ವರ್ಷವೇ ಅಮ್ಮನನ್ನು ಅಲ್ಲಿಗೆ ಕರೆದೊಯ್ದೆವು. ಅತಿ ಆಳದ ಪಾತಾಳಗಂಗೆಯಲ್ಲಿ ಸಣ್ಣ ತೊರೆಯೊಂದು ಕಲ್ಲಿನೊಳಗೆ ಮಾಯವಾಗುತ್ತದೆ. ಅಮ್ಮ ಬಗ್ಗಿ ನೋಡಿ, ‘ಈ ನೀರು ಎಲ್ಲಿಗೆ ಹೋಗುತ್ತದೆಯೇ?’ ಎಂದರು. ನಾನು ಮೊಬೈಲ್ ದೀಪವನ್ನು ಗೋಡೆಗೆ ಓರೆಯಾಗಿ ಹಿಡಿದು ಕುಳಿಗಳನ್ನು ಹುಡುಕತೊಡಗಿದೆ.