ಹಳೆ ಪಾಪ್ಯುಲರ್ ಎಲೆಕ್ಟ್ರಾನಿಕ್ಸ್: ಓದೋಕೆ ಮಜಾ, ಕಟ್ಟೋಕೆ ಹುಷಾರು

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ನಾಲ್ಕು ಸ್ಟಾರ್. ಅಮೆರಿಕದ ಈ ಮಾಸಪತ್ರಿಕೆಯ ಹಳೆ ಸಂಚಿಕೆಗಳು ಈಗ ಸ್ಕ್ಯಾನ್ ಆಗಿ ಪುಕ್ಕಟೆ ಸಿಗುತ್ತವೆ. ಆದರೆ 1954ರಿಂದ 1982ರವರೆಗಿನದ್ದನ್ನೆಲ್ಲ ಓದುತ್ತೇನೆ ಅಂತ ಹೊರಡಬೇಡಿ, ಸುಸ್ತಾಗುತ್ತೀರಿ. 1970ರಿಂದ 1976ರವರೆಗಿನದ್ದು ಸಾಕು. ಅದನ್ನೂ ಬರೀ ಲೇಖನ ನೋಡಿ ಮುಚ್ಚಿಡಬೇಡಿ, ಜಾಹೀರಾತು, ಬಿಡಿಭಾಗಗಳ ಪಟ್ಟಿ ಎಲ್ಲ ಓದಿ. ಈ ಪತ್ರಿಕೆಯ ನಿಜವಾದ ಕಥೆ ಇರುವುದು ಅಲ್ಲೇ.

ಜಿಫ್-ಡೇವಿಸ್ ಕಂಪನಿ ಇದನ್ನು 1954ರ ಅಕ್ಟೋಬರ್‌ನಲ್ಲಿ ಶುರು ಮಾಡಿತು. ಅವರ ಹತ್ತಿರ ರೇಡಿಯೊ-ಟಿವಿ ಬಗ್ಗೆ ಬೇರೊಂದು ಪತ್ರಿಕೆ ಆಗಲೇ ಇತ್ತು. ಅದು ಕಸುಬುದಾರರಿಗೆ, ಇದು ಹೊಸಬರಿಗೆ. ಲೆಕ್ಕ ಸರಿಯಾಗಿತ್ತು. 1957ಕ್ಕೆ ತಿಂಗಳಿಗೆ ಸುಮಾರು 2,40,000 ಪ್ರತಿ, 1963ಕ್ಕೆ ಹತ್ತಿರ ಹತ್ತಿರ 4 ಲಕ್ಷ. ಶುರುವಿನ ವರ್ಷಗಳ ಸಂಚಿಕೆಗಳಲ್ಲಿ ಒಂದು ಚಂದ ಇದೆ. ರೇಥಿಯಾನ್ ಕಂಪನಿಯ ಸಿಕೆ722 ಅನ್ನೋ ಜರ್ಮೇನಿಯಂ ಟ್ರಾನ್ಸಿಸ್ಟರ್ 1953ರಲ್ಲಿ ಬಂದಾಗ ಏಳು ಡಾಲರ್ ದಾಟಿತ್ತು, ಕೆಲವೇ ವರ್ಷದಲ್ಲಿ ಒಂದು ಡಾಲರ್‌ಗೆ ಇಳಿಯಿತು. ಬೆಲೆ ಇಳಿದ ಹಾಗೆ ಹುಡುಗರ ಕೈಗೆ ಟ್ರಾನ್ಸಿಸ್ಟರ್ ಬಂತು, ಒಂದೇ ಟ್ರಾನ್ಸಿಸ್ಟರ್‌ನ ಪುಟ್ಟ ಸರ್ಕ್ಯೂಟ್‌ಗಳೂ ಬಂದವು. ಜೊತೆಗೆ ಕಾರ್ಲ್, ಜೆರ್ರಿ ಅನ್ನೋ ಇಬ್ಬರು ಹುಡುಗರ ಕಥೆ. ಜಾನ್ ಫ್ರೈ ಅನ್ನೋರು ಮೊದಲ ಸಂಚಿಕೆಯಿಂದಲೇ ಶುರು ಮಾಡಿ ಹತ್ತು ವರ್ಷ ಬರೆದರು. ಪ್ರತಿ ಕಥೆಯಲ್ಲೂ ಒಂದು ತಾಪತ್ರಯ, ಅದಕ್ಕೊಂದು ಸರ್ಕ್ಯೂಟ್ ಪರಿಹಾರ. ಈಗ ಓದಿದರೆ ಸ್ವಲ್ಪ ಹಳತು ಅನ್ನಿಸುತ್ತದೆ, ಆದರೂ ಮಕ್ಕಳಿಗೆ ಓದಿ ಹೇಳಬಹುದು.

ಅರವತ್ತರ ದಶಕದ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಸಾಮಾನ್ಯ ಜನ ಪರಸ್ಪರ ಮಾತಾಡಿಕೊಳ್ಳುವ ಸಿಬಿ ರೇಡಿಯೊ, ಶಾರ್ಟ್‌ವೇವ್, ಹೈ-ಫೈ ಆಂಪ್ಲಿಫೈಯರ್. ಅದರ ಹುಚ್ಚು ಇದ್ದವರಿಗೆ ಇಷ್ಟ ಆಗಬಹುದು, ನಾನಂತೂ ಪುಟ ತಿರುವಿ ಮುಂದೆ ಹೋದೆ.

ಈಗ ಮುಖ್ಯ ವಿಷಯ. ಎಪ್ಪತ್ತರ ದಶಕದ ಯಾವುದೇ ಪ್ರಾಜೆಕ್ಟ್ ಲೇಖನ ತೆಗೆದು ಕೊನೆಯಲ್ಲಿರುವ ಬಿಡಿಭಾಗಗಳ ಪಟ್ಟಿ ನೋಡಿ. ರೆಸಿಸ್ಟರ್, ಕೆಪಾಸಿಟರ್ ಎಲ್ಲ ಆದ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಇರುತ್ತದೆ. ಬಿಡಿಭಾಗ ಕೂರಿಸುವ ಹಲಗೆ, ಅಂದರೆ ಪಿಸಿಬಿ, ಇಷ್ಟು ಡಾಲರ್, ಪೂರ್ತಿ ಕಿಟ್ ಇಷ್ಟು ಡಾಲರ್, ಈ ವಿಳಾಸಕ್ಕೆ ಬರೆಯಿರಿ. ಎಷ್ಟೋ ಸಲ ಆ ವಿಳಾಸ ಲೇಖನ ಬರೆದವನದ್ದೇ! ಪತ್ರಿಕೆಗೆ ಒಳ್ಳೆ ಲೇಖನ, ಓದುಗನಿಗೆ ಬೇರೆಲ್ಲೂ ಸಿಗದ ಐಸಿ ಚಿಪ್, ಬರೆದವನಿಗೆ ಒಂದು ಪುಟ್ಟ ಕಂಪನಿ. ಟೆಕ್ಸಾಸ್‌ನ ಡ್ಯಾನ್ ಮೇಯರ್ ಅವರ ಸೌತ್‌ವೆಸ್ಟ್ ಟೆಕ್ನಿಕಲ್ ಪ್ರಾಡಕ್ಟ್ಸ್ ಬೆಳೆದದ್ದು ಹೀಗೇ. ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ ಎಡ್ ರಾಬರ್ಟ್ಸ್, ಫಾರೆಸ್ಟ್ ಮಿಮ್ಸ್ ಮತ್ತು ಗೆಳೆಯರು ಕಟ್ಟಿದ ಎಂಐಟಿಎಸ್ ಕಂಪನಿ ಕೂಡ ಇದೇ ದಾರಿ ಹಿಡಿಯಿತು. 1970ರ ನವೆಂಬರ್‌ನಲ್ಲಿ ಎಲ್‌ಇಡಿ ಬೆಳಕಿನ ಮೇಲೆ ಮಾತು ಕಳಿಸುವ ಪ್ರಾಜೆಕ್ಟ್, ಮುಂದಿನ ನವೆಂಬರ್‌ನಲ್ಲಿ ಕ್ಯಾಲ್ಕುಲೇಟರ್ ಕಿಟ್.

ಇದರ ತುದಿಯೇ 1975ರ ಜನವರಿ ಸಂಚಿಕೆ. ಒಂದೇ ಒಂದು ಸಂಚಿಕೆ ಓದೋದಾದರೆ ಇದನ್ನು ಓದಿ. ಹಿಂದಿನ ಜುಲೈನಲ್ಲಿ ಎದುರಾಳಿ ರೇಡಿಯೊ-ಎಲೆಕ್ಟ್ರಾನಿಕ್ಸ್ ಪತ್ರಿಕೆ ಮಾರ್ಕ್-8 ಅನ್ನೋ ಕಂಪ್ಯೂಟರ್ ಮುಖಪುಟದಲ್ಲಿ ಹಾಕಿತ್ತು. ಆದರೆ ಅದಕ್ಕೆ ಪೂರ್ತಿ ಕಿಟ್ ಇರಲಿಲ್ಲ, ನಕ್ಷೆಯ ಪುಸ್ತಕ ತರಿಸಿಕೊಂಡು ಬಿಡಿಭಾಗ ನೀವೇ ಹುಡುಕಿಕೊಳ್ಳಬೇಕಿತ್ತು. ಪಾಪ್ಯುಲರ್ ಎಲೆಕ್ಟ್ರಾನಿಕ್ಸ್‌ಗೆ ಅದಕ್ಕಿಂತ ದೊಡ್ಡದು ಬೇಕಾಗಿತ್ತು. ತಾಂತ್ರಿಕ ಸಂಪಾದಕ ಲೆಸ್ ಸಾಲಮನ್ ಅವರಿಗೆ ರಾಬರ್ಟ್ಸ್ ಗೊತ್ತಿದ್ದರು. ಕ್ಯಾಲ್ಕುಲೇಟರ್ ಬೆಲೆ ಬಿದ್ದು ಎಂಐಟಿಎಸ್ ಸಾಲದಲ್ಲಿ ಮುಳುಗಿತ್ತು. ರಾಬರ್ಟ್ಸ್ ಕಂಪ್ಯೂಟರ್‌ನ ಮಿದುಳಾದ ಇಂಟೆಲ್ 8080 ಚಿಪ್ ಅನ್ನು ತಲಾ 75 ಡಾಲರ್‌ಗೆ ಕುದುರಿಸಿದರು, ಪಟ್ಟಿ ಬೆಲೆ 360 ಇದ್ದಾಗ. ಅದರಿಂದಲೇ ಆಲ್ಟೇರ್ 8800 ಅನ್ನೋ ಕಂಪ್ಯೂಟರ್‌ನ ಪೂರ್ತಿ ಕಿಟ್ 400 ಡಾಲರ್ ಒಳಗೆ ಬಂತು.

ಮುಖಪುಟದಲ್ಲಿ ಆ ನೀಲಿ ಪೆಟ್ಟಿಗೆ ಎಷ್ಟು ಠೀವಿಯಿಂದ ಕೂತಿದೆ ನೋಡಿ. ಅದರೊಳಗೆ ಏನೂ ಇಲ್ಲ! ಕೆಲಸ ಮಾಡುತ್ತಿದ್ದ ಮೊದಲ ಯಂತ್ರವನ್ನು ನ್ಯೂಯಾರ್ಕ್‌ಗೆ ಪಾರ್ಸೆಲ್ ಮಾಡಿದ್ದರು, ಅದು ದಾರಿಯಲ್ಲೇ ಕಳೆದುಹೋಯಿತು, ಫೋಟೊಗೆ ಖಾಲಿ ಡಬ್ಬ ಕಳಿಸಿದರು. ಅಸಲಿ ಯಂತ್ರಕ್ಕೂ ಕೀಬೋರ್ಡ್ ಇಲ್ಲ, ಸ್ಕ್ರೀನ್ ಇಲ್ಲ, ಮೆಮೊರಿ 256 ಬೈಟ್. ಮುಂದಿನ ಸ್ವಿಚ್‌ಗಳನ್ನು ಮೇಲೆ ಕೆಳಗೆ ಮಾಡಿ ಪ್ರೋಗ್ರಾಂ ತುಂಬಬೇಕು, ಉತ್ತರ ದೀಪಗಳಲ್ಲಿ. ಕೆಲವು ನೂರು ಮಾರಿದರೆ ಸಾಕು ಅಂದುಕೊಂಡಿದ್ದವರಿಗೆ ಕೆಲವೇ ತಿಂಗಳಲ್ಲಿ ಸಾವಿರಾರು ಆರ್ಡರ್ ಬಂದವು. ಹಾರ್ವರ್ಡ್ ಚೌಕದ ಪತ್ರಿಕೆ ಅಂಗಡಿಯಲ್ಲಿ ಪಾಲ್ ಆಲೆನ್ ಈ ಸಂಚಿಕೆ ಕೊಂಡು ಬಿಲ್ ಗೇಟ್ಸ್ ಹತ್ತಿರ ಓಡಿದ್ದು, ಇಬ್ಬರೂ ಸೇರಿ ಆಲ್ಟೇರ್‌ಗೆ ಬೇಸಿಕ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಬರೆದದ್ದು ನಿಮಗೆ ಗೊತ್ತೇ ಇರುತ್ತದೆ ಅಲ್ವಾ?

ಎಲ್ಲರೂ ಆಲ್ಟೇರ್ ನೋಡಿ ನಿಲ್ಲಿಸಿಬಿಡುತ್ತಾರೆ. ಅದರ ಮುಂದಿನ ತಿಂಗಳಿನ ಸೈಕ್ಲಾಪ್ಸ್ ಕ್ಯಾಮೆರಾ ನನಗೆ ಇನ್ನೂ ಇಷ್ಟ. ಒಂದು ಮೆಮೊರಿ ಚಿಪ್‌ನ ಮುಚ್ಚಳ ತೆಗೆದು ಅದರ ಮೇಲೆ ಲೆನ್ಸ್‌ನಿಂದ ಬೆಳಕು ಬೀಳಿಸುತ್ತಾರೆ. ಎಲ್ಲ ಕೋಶಗಳಲ್ಲೂ ಮೊದಲು 1 ತುಂಬಿಟ್ಟರೆ, ಬೆಳಕು ಬಿದ್ದ ಕಡೆ ಅದು ಬೇಗ ಅಳಿಸಿ 0 ಆಗುತ್ತದೆ. 32 ಅಡ್ಡ, 32 ಉದ್ದ, ಅಷ್ಟೇ ಚುಕ್ಕೆಗಳ ಚಿತ್ರ. ಇಂಥ ಕಿಲಾಡಿ ಐಡಿಯಾ ನೋಡಿದಾಗ ಖುಷಿಯಾಗುತ್ತದೆ.

ಈಗ ಒಂದು ಸ್ಟಾರ್ ಕಳೆದ ಕಾರಣ. ಇದನ್ನು ನೋಡಿ ನೇರ ಬೆಸುಗೆ ಕಡ್ಡಿ ಹಿಡಿಯಬೇಡಿ. ಅಲ್ಲಿನದ್ದು 117 ವೋಲ್ಟ್, 60 ಹರ್ಟ್ಸ್ ಲೆಕ್ಕ. ನಮ್ಮ 230 ವೋಲ್ಟ್‌ಗೆ ಟ್ರಾನ್ಸ್‌ಫಾರ್ಮರ್, ಫ್ಯೂಸ್, ಕೆಪಾಸಿಟರ್‌ನ ವೋಲ್ಟೇಜ್ ಎಲ್ಲ ಬದಲಾಗಬೇಕು. ಅದಕ್ಕಿಂತ ಭಯ ಹುಟ್ಟಿಸೋದು ಐವತ್ತರ ದಶಕದ ವಾಲ್ವ್ ಸೆಟ್‌ಗಳು. ಎಷ್ಟೋ ಕಡೆ ಟ್ರಾನ್ಸ್‌ಫಾರ್ಮರೇ ಇಲ್ಲ, ಮೇನ್ಸ್‌ನ ಒಂದು ತಂತಿ ನೇರ ತಗಡಿನ ಚಾಸಿಸ್‌ಗೆ. ಪ್ಲಗ್ ತಿರುಗಿ ಹಾಕಿದರೆ ತಗಡು ಮುಟ್ಟಿದವನಿಗೆ ಕರೆಂಟ್ ಹೊಡೆಯುತ್ತದೆ. ಅವನ್ನು ಓದಿ ಬಿಟ್ಟುಬಿಡಿ, ಕಟ್ಟಬೇಡಿ.

ಗುರುತುಗಳೂ ಹಳೆಯವು. ಕೆಪಾಸಿಟರ್ ಪಕ್ಕ ಎಂಎಂಎಫ್ ಅಂತಿದ್ದರೆ ಅದು ಇವತ್ತಿನ ಪಿಕೋಫ್ಯಾರಡ್, ಮಿಲಿ ಅಂತ ಓದಬೇಡಿ. ಕಿಲೋಹರ್ಟ್ಸ್ ಬದಲು ಕಿಲೋಸೈಕಲ್ ಇರುತ್ತದೆ. ಸ್ಕ್ಯಾನ್ ಮಸುಕಾಗಿರುವ ಕಡೆ ದಶಾಂಶದ ಚುಕ್ಕೆಯೇ ಕಾಣೋಲ್ಲ, ಆದ್ದರಿಂದ ನಕ್ಷೆಯಲ್ಲಿ ನೋಡಿದ ಬಿಡಿಭಾಗದ ಅಳತೆಯನ್ನು ಬಿಡಿಭಾಗಗಳ ಪಟ್ಟಿಯ ಜೊತೆ ಹೋಲಿಸಿಯೇ ಮುಂದೆ ಹೋಗಿ. ಜರ್ಮೇನಿಯಂ ಟ್ರಾನ್ಸಿಸ್ಟರ್ ಕೇಳಿಕೊಂಡು ಸುಮ್ನೆ ಬೆಂಗಳೂರಿನ ಎಸ್‌ಪಿ ರೋಡ್ ಅಂಗಡಿಗಳನ್ನು ಅಲೆಯಬೇಡಿ. ಎಪ್ಪತ್ತರ ದಶಕದ 555, 4011 ಚಿಪ್, 2ಎನ್2222 ಟ್ರಾನ್ಸಿಸ್ಟರ್ ಇರುವ ಬ್ಯಾಟರಿ ಪ್ರಾಜೆಕ್ಟ್ ಆರಿಸಿಕೊಂಡರೆ ಎಲ್ಲ ಒಂದೇ ಅಂಗಡಿಯಲ್ಲಿ ಸಿಗುತ್ತದೆ. 1975ರಿಂದ ಫಾರೆಸ್ಟ್ ಮಿಮ್ಸ್ ಬರೆದ ಅಂಕಣ ಇದಕ್ಕೆ ಹೇಳಿಮಾಡಿಸಿದ್ದು. ಸಣ್ಣ ಸರ್ಕ್ಯೂಟ್, ಸರಳ ಮಾತು.

1980 ಆದ ಮೇಲೆ ಓದೋಕೆ ಬೇಜಾರು. ಪತ್ರಿಕೆ ತಾನೇ ಮನೆಗೆ ತಂದ ಕಂಪ್ಯೂಟರ್ ಇಡೀ ಮನೆ ಆಕ್ರಮಿಸಿಕೊಂಡಿತು. ಕಿಟ್ ಹೋಗಿ ರೆಡಿಮೇಡ್ ಯಂತ್ರಗಳ ವಿಮರ್ಶೆ ಬಂತು. 1982ರ ನವೆಂಬರ್‌ನಲ್ಲಿ ಹೆಸರೇ ಕಂಪ್ಯೂಟರ್ಸ್ ಅಂಡ್ ಎಲೆಕ್ಟ್ರಾನಿಕ್ಸ್ ಆಯಿತು, 1985ರ ಏಪ್ರಿಲ್‌ಗೆ ನಿಂತಿತು. 1989ರಲ್ಲಿ ಇನ್ನೊಂದು ಪ್ರಕಾಶನ ಸಂಸ್ಥೆ ತನ್ನ ಪತ್ರಿಕೆಗೆ ಈ ಹೆಸರು ಇಟ್ಟುಕೊಂಡು ಕೆಲವು ವರ್ಷ ನಡೆಸಿತು. ಅದು ಬೇರೆಯದೇ ಪತ್ರಿಕೆ, ಹೆಸರು ನೋಡಿ ಮೋಸ ಹೋಗಬೇಡಿ.

ಕಂಪ್ಯೂಟರ್ ಅನ್ನೇ ಕಟ್ಟಬೇಕು ಅನ್ನೋ ಹಟ ಇದ್ದರೆ ಆಲ್ಟೇರ್ ಬಿಡಿ, 1976ರ ಆಗಸ್ಟ್ ಸಂಚಿಕೆಯ ಎಲ್ಫ್ ನೋಡಿ. ಆರ್‌ಸಿಎ ಕಂಪನಿಯ ಎಂಜಿನಿಯರ್ ಜೋಸೆಫ್ ವೈಸ್‌ಬೆಕರ್ ಬರೆದದ್ದು, 1802 ಚಿಪ್, 256 ಬೈಟ್, ಆಗ ಸುಮಾರು 80 ಡಾಲರ್ ಖರ್ಚು. ಪೂರ್ತಿ ನಕ್ಷೆ ಕೊಟ್ಟಿದ್ದಾರೆ, ಕೈಯಲ್ಲೇ ತಂತಿ ಹಾಕಿ ಕಟ್ಟಬಹುದು. ಎರಡನೇ ಭಾಗ ಸೆಪ್ಟೆಂಬರ್ ಸಂಚಿಕೆಯಲ್ಲಿದೆ, ಡೌನ್‌ಲೋಡ್ ಮಾಡುವಾಗ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಿ.